ಸೋಲ್‌ನಲ್ಲಿ ಕೊರಿಯನ್ ಸಿಹಿತಿಂಡಿ ಕ್ಲಾಸ್: ಯಾಕ್‌ಗ್ವಾ ಕಲಿಯೋದಾ, ಸೊಂಗ್‌ಪ್ಯೊನ್ ಕಲಿಯೋದಾ?

ದಾರಿಹೋಕಿ:

ಎಲ್ಲರಿಗೂ ನಮಸ್ಕಾರ. 2026ರ ಸೆಪ್ಟೆಂಬರ್ 19ರಿಂದ 26ರವರೆಗೆ ಅಮ್ಮನನ್ನು ಕರೆದುಕೊಂಡು ಸೋಲ್‌ಗೆ ಹೋಗುತ್ತಿದ್ದೇನೆ. ಅಮ್ಮನಿಗೆ ಅರಮನೆ, ಮ್ಯೂಸಿಯಂಗಿಂತ ಅಡುಗೆಮನೆ ಇಷ್ಟ. ಎಲ್ಲಿಗೆ ಹೋದರೂ ಇದನ್ನು ಹೇಗೆ ಮಾಡಿದ್ದಾರೆ ಅಂತಲೇ ಕೇಳುತ್ತಾರೆ. ಹಾಗಾಗಿ ಅಲ್ಲಿನ ಸಾಂಪ್ರದಾಯಿಕ ಸಿಹಿ ಮಾಡುವುದನ್ನು ಕಲಿಸುವ ಕ್ಲಾಸಿಗೆ ಒಂದು ದಿನ ಹೋಗೋಣ ಅಂತ ಇದ್ದೇವೆ.

ಹುಡುಕಿದರೆ ನೂರೆಂಟು ಸಿಗುತ್ತಿವೆ. ಯಾಕ್‌ಗ್ವಾ, ದಾಸಿಕ್, ಸೊಂಗ್‌ಪ್ಯೊನ್, ಬಣ್ಣಬಣ್ಣದ ಹೂವಿಟ್ಟ ಅಕ್ಕಿ ಕೇಕು, ಎಲ್ಲ ಫೋಟೋಗಳೂ ಒಂದಕ್ಕಿಂತ ಒಂದು ಚೆಂದ. ಆದರೆ ಯಾವುದರಲ್ಲಿ ನಿಜವಾಗಿ ನಾವೇ ಕೈಯಾರೆ ಮಾಡುತ್ತೇವೆ, ಯಾವುದರಲ್ಲಿ ಸುಮ್ನೆ ನೋಡಿ ಬರುತ್ತೇವೆ ಅನ್ನುವುದು ಗೊತ್ತಾಗುತ್ತಿಲ್ಲ. ನಾವಿಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಅಮ್ಮನಿಗೆ ಮಂಡಿನೋವು, ನೆಲದ ಮೇಲೆ ತುಂಬಾ ಹೊತ್ತು ಕೂರಲು ಆಗುವುದಿಲ್ಲ. ಕೊರಿಯನ್ ಭಾಷೆ ಇಬ್ಬರಿಗೂ ಬರುವುದಿಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ, ಒಂದೇ ಕ್ಲಾಸ್ ಅಂದರೆ ಯಾವುದಕ್ಕೆ ಹೋಗುತ್ತೀರಿ?

ಬೆಲ್ಲದಚ್ಚು:

ಯಾಕ್‌ಗ್ವಾ. ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ.

ನಾನು ಎರಡು ಕ್ಲಾಸಿಗೆ ಹೋಗಿದ್ದೆ. ಮೊದಲನೆಯದರಲ್ಲಿ ಒಂದೂವರೆ ಗಂಟೆಗೆ ನಾಲ್ಕು ಸಿಹಿ ಅಂತ ಹಾಕಿದ್ದರು. ನಾಲ್ಕು ಕಲಿಯಬಹುದಲ್ಲ ಅಂತ ಆಸೆಯಿಂದ ಹೋದರೆ ಹಿಟ್ಟು ಆಗಲೇ ಕಲಸಿ ಇಟ್ಟಿದ್ದರು, ಕರಿದದ್ದೂ ಅವರೇ, ನಮ್ಮ ಪಾಲಿಗೆ ಬಂದದ್ದು ಮೇಲೆ ಪೈನ್ ಬೀಜ ಇಟ್ಟು ಡಬ್ಬಿಗೆ ಜೋಡಿಸುವ ಕೆಲಸ. ಬಹಳ ಬೇಜಾರಾಯಿತು. ಎರಡನೆಯ ಸಲ ಒಂದೇ ಒಂದು ತಿಂಡಿ, ಮೂರು ಗಂಟೆ, ಆರೇ ಜನ ಇರುವ ಕ್ಲಾಸ್ ಹುಡುಕಿದೆ. 65,000 ವೋನ್ ಕೊಟ್ಟೆ. ಆ ದಿನ ಕಲಿತದ್ದು ಇವತ್ತಿಗೂ ಕೈಯಲ್ಲಿದೆ.

ಯಾಕ್‌ಗ್ವಾ ಅಂದರೆ ನೋಡಲು ಹೂವಿನ ಅಚ್ಚಿನ ಬಿಸ್ಕತ್ತು, ತಿಂದರೆ ನಮ್ಮ ಬಾದುಷಾದ ದೂರದ ನೆಂಟ. ಗೋಧಿ ಹಿಟ್ಟಿಗೆ ಎಳ್ಳೆಣ್ಣೆ ಹಾಕಿ ಎರಡೂ ಅಂಗೈ ನಡುವೆ ಉಜ್ಜಬೇಕು. ಒದ್ದೆ ಮರಳಿನ ಹಾಗೆ ಆಗುವವರೆಗೂ ಉಜ್ಜಿ, ಜರಡಿ ಹಿಡಿದು, ಆಮೇಲೆ ಜೇನು, ಶುಂಠಿ ರಸ, ಸ್ವಲ್ಪ ಸೋಜು (ಅಲ್ಲಿನ ಮದ್ಯ) ಸೇರಿಸುತ್ತಾರೆ. ಇಲ್ಲಿಂದ ಮುಂದಿನದೇ ಮುಖ್ಯ. ನಾದಬಾರದು! ನಾನು ಅಭ್ಯಾಸಬಲದಿಂದ ನಾದಲು ಹೋದೆ, ಟೀಚರ್ ಬಂದು ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು. ನಾದಿದರೆ ಜಿಗುಟಾಗಿ ಪದರ ಬಿಡುವುದಿಲ್ಲ, ಗಟ್ಟಿಯಾಗುತ್ತದೆ. ಬರೀ ಒಟ್ಟುಗೂಡಿಸಿ, ಒತ್ತಿ, ಎರಡು ತುಂಡು ಮಾಡಿ ಒಂದರ ಮೇಲೊಂದು ಇಟ್ಟು ಮತ್ತೆ ಒತ್ತಬೇಕು. ಹೀಗೆ ಎರಡು ಮೂರು ಸಲ.

ಕರಿಯುವುದು ಎರಡು ಹಂತದಲ್ಲಿ. ಮೊದಲು 110 ಡಿಗ್ರಿ ಆಸುಪಾಸಿನ ಎಣ್ಣೆ. ಹಾಕಿದ ತಕ್ಷಣ ತಳಕ್ಕೆ ಹೋಗಿ ಕೂರುತ್ತದೆ. ಏನೂ ಆಗುತ್ತಿಲ್ಲವಲ್ಲ ಅನ್ನಿಸುವಷ್ಟು ಹೊತ್ತು ಕಾಯಬೇಕು. ಆಮೇಲೆ ಒಂದೊಂದಾಗಿ ಮೇಲೆ ತೇಲಿ ಬಂದು, ಅಂಚು ಪುಸ್ತಕದ ಹಾಳೆಯಂತೆ ಬಿಚ್ಚಿಕೊಳ್ಳುವುದನ್ನು ನೋಡಬೇಕು ನೀವು. ಪದರ ಬಿಟ್ಟ ಮೇಲೆ ಉರಿ ಹೆಚ್ಚಿಸಿ, 150 ಡಿಗ್ರಿಯ ಹತ್ತಿರ ಕಂದು ಬಣ್ಣ ಬರಿಸುತ್ತಾರೆ. ಎಣ್ಣೆ ಸೋರಿಸಿ ಪಾಕಕ್ಕೆ ಹಾಕುವುದು ಕೊನೆಯ ಕೆಲಸ. ಪಾಕ ಸಕ್ಕರೆಯದಲ್ಲ, ಜೊಚಂಗ್ ಅಂತ ಅನ್ನ ಮತ್ತು ಮೊಳಕೆ ಬಾರ್ಲಿಯಿಂದ ತೆಗೆದ ಸಿರಪ್. ಅದಕ್ಕೆ ಶುಂಠಿ ಹಾಕಿ ಕುದಿಸಿರುತ್ತಾರೆ.

ಮೊಟ್ಟೆ, ಹಾಲು ಯಾವುದೂ ಇಲ್ಲ. ಸೋಜು ಮಾತ್ರ ಇದೆ, ಅದು ಬೇಡವಾದರೆ ಬುಕ್ ಮಾಡುವಾಗಲೇ ಬರೆಯಿರಿ.

ಸುವೊನ್‌ವಾಸಿ:

ನಾನು ಆರು ವರ್ಷದಿಂದ ಸೋಲ್ ಪಕ್ಕದ ಸುವೊನ್‌ನಲ್ಲಿ ಇದ್ದೇನೆ. ಮೊದಲು ನಿಮ್ಮ ತಾರೀಖಿನ ಬಗ್ಗೆ ಹೇಳಿಬಿಡುತ್ತೇನೆ. 2026ರಲ್ಲಿ ಚುಸೊಕ್, ಅಂದರೆ ಇಲ್ಲಿನ ಸುಗ್ಗಿ ಹಬ್ಬ, ಸೆಪ್ಟೆಂಬರ್ 25ಕ್ಕೆ. 24, 25, 26 ಮೂರೂ ದಿನ ರಜೆ. ಊರಿಗೆ ಊರೇ ತವರಿಗೆ ಹೊರಟಿರುತ್ತದೆ, ಚಿಕ್ಕ ಚಿಕ್ಕ ಕ್ಲಾಸುಗಳು ಬಹಳಷ್ಟು ಬಾಗಿಲು ಹಾಕಿರುತ್ತವೆ. ಹಬ್ಬದ ಹಿಂದಿನ ದಿನಗಳಲ್ಲಿ ಸಿಹಿ ಮಾಡುವವರಿಗೆ ಉಡುಗೊರೆ ಡಬ್ಬಿ ತುಂಬುವುದರಲ್ಲೇ ಉಸಿರಾಡಲು ಪುರುಸೊತ್ತಿರುವುದಿಲ್ಲ. ಹಾಗಾಗಿ 20, 21, 22 ಈ ಮೂರರಲ್ಲಿ ಒಂದು ದಿನ ಈಗಲೇ ಹಿಡಿದುಕೊಳ್ಳಿ. ಅಲ್ಲಿಗೆ ಹೋಗಿ ನೋಡೋಣ ಅಂತ ಬಿಡಬೇಡಿ.

ಇನ್ನು ಯಾವ ಕ್ಲಾಸ್ ಅನ್ನುವುದಕ್ಕೆ ಬೆಲ್ಲದಚ್ಚು ಅವರ ಮಾತಿಗೆ ನನ್ನದು ಸ್ವಲ್ಪ ಭಿನ್ನಾಭಿಪ್ರಾಯ. ಯಾಕ್‌ಗ್ವಾ ಚೆನ್ನಾಗಿರುತ್ತದೆ, ಅಡ್ಡಿ ಇಲ್ಲ. ಆದರೆ ಅದು ವರ್ಷವಿಡೀ ಸಿಗುತ್ತದೆ, ಯಾವ ಅಂಗಡಿಗೆ ಹೋದರೂ ಪ್ಯಾಕೆಟ್ ಇದೆ. ನೀವು ಬರುತ್ತಿರುವುದು ಚುಸೊಕ್ ವಾರದಲ್ಲಿ! ಆ ವಾರ ಇಲ್ಲಿನ ಮನೆಮನೆಯಲ್ಲಿ ಕೂತು ಮಾಡುವುದು ಸೊಂಗ್‌ಪ್ಯೊನ್. ಅಕ್ಕಿ ಹಿಟ್ಟಿಗೆ ಬಿಸಿನೀರು ಹಾಕಿ ಕಲಸಿ, ಉಂಡೆ ಮಾಡಿ, ಹೆಬ್ಬೆರಳಿನಿಂದ ಬಟ್ಟಲು ಮಾಡಿ, ಎಳ್ಳು ಸಕ್ಕರೆ ಅಥವಾ ಹೆಸರುಬೇಳೆ ಅಥವಾ ಚೆಸ್ಟ್‌ನಟ್ ಹೂರಣ ತುಂಬಿ, ಅರ್ಧಚಂದ್ರದ ಹಾಗೆ ಮುಚ್ಚಿ ಹಬೆಯಲ್ಲಿ ಬೇಯಿಸುತ್ತಾರೆ. ಹಬೆ ಪಾತ್ರೆಯ ತಳಕ್ಕೆ ಪೈನ್ ಮರದ ಸೂಜಿ ಎಲೆ ಹಾಸುತ್ತಾರೆ. ಹೆಸರಿನ 'ಸೊಂಗ್' ಅಂದರೆ ಅದೇ ಪೈನ್. ಮುಚ್ಚಳ ತೆಗೆದಾಗ ಕಾಡಿನ ಪರಿಮಳ ಅಡುಗೆಮನೆ ತುಂಬಾ ಹರಡುತ್ತದೆ, ತಿನ್ನುವಾಗ ಎಲೆಯ ಗೀರು ಕಡುಬಿನ ಮೈಮೇಲೆ ಮೂಡಿರುತ್ತದೆ. ನಿಮ್ಮ ಅಮ್ಮ ಕಡುಬು ಮಾಡುವವರಾದರೆ ಹತ್ತು ನಿಮಿಷದಲ್ಲಿ ಕೈಗೆ ಹತ್ತುತ್ತದೆ.

ಒಂದೇ ಒಂದು ಸೂಕ್ಷ್ಮ. ಹೂರಣ ತುಂಬಿ ಮುಚ್ಚಿದ ಮೇಲೆ ಮುಷ್ಟಿಯಲ್ಲಿ ಹಿಡಿದು ನಾಲ್ಕೈದು ಸಲ ಮೆಲ್ಲಗೆ ಹಿಸುಕಿ, ಒಳಗಿನ ಗಾಳಿ ಹೊರಗೆ ಹೋಗಬೇಕು. ಇಲ್ಲದಿದ್ದರೆ ಬೇಯುವಾಗ ಬಾಯಿ ಬಿಡುತ್ತದೆ. ಅಂದವಾಗಿ ಸೊಂಗ್‌ಪ್ಯೊನ್ ಮಾಡಿದವರಿಗೆ ಅಂದದ ಮಗಳು ಹುಟ್ಟುತ್ತಾಳೆ ಅಂತ ಇಲ್ಲಿ ಅಜ್ಜಿಯರು ಈಗಲೂ ಹೇಳುತ್ತಾರೆ. ನನ್ನ ಪಕ್ಕದ ಮನೆಯ ಅಜ್ಜಿ ನನಗೂ ಹೇಳಿದ್ದರು.

ಮಂಡಿನೋವಿನ ವಿಷಯ: ಹಾನೋಕ್ ಅಂದರೆ ಹಳೆಯ ಕಾಲದ ಮನೆ, ಅಲ್ಲಿ ನಡೆಯುವ ಕ್ಲಾಸುಗಳಲ್ಲಿ ನೆಲದ ಮೇಲೆ ಚಿಕ್ಕ ಮಣೆ ಇಟ್ಟು ಕೂರಿಸುವುದು ಸಾಮಾನ್ಯ. ಅದಕ್ಕೆ 'ಜ್ವಾಸಿಕ್' ಅನ್ನುತ್ತಾರೆ. ನಿಮಗೆ ಬೇಕಾದ್ದು 'ಇಪ್ಸಿಕ್', ಅಂದರೆ ನಿಂತು ಅಥವಾ ಕುರ್ಚಿಯ ಮೇಲೆ ಕೂತು ಕೆಲಸ ಮಾಡುವ ಎತ್ತರದ ಮೇಜು. ಈ ಎರಡು ಪದ ಗೊತ್ತಿದ್ದರೆ ಅರ್ಧ ಸಮಸ್ಯೆ ಮುಗಿಯಿತು. ಭಾಷೆಗೆ ಫೋನಿನಲ್ಲಿ ಪಾಪಾಗೊ ಅನುವಾದ ಆ್ಯಪ್ ಹಾಕಿಕೊಳ್ಳಿ, ದಾರಿಗೆ ನೇವರ್ ಮ್ಯಾಪ್. ಗೂಗಲ್ ಮ್ಯಾಪ್ ನಂಬಿ ಗಲ್ಲಿಯೊಳಗೆ ನಡೆಯಲು ಹೋಗಬೇಡಿ. ಹಾಂ, ಹಾನೋಕ್ ಮನೆಗಳಿರುವ ಬುಕ್ಚೊನ್‌ನಲ್ಲಿ ಕ್ಲಾಸ್ ಹಿಡಿದರೆ ಹಗಲಿನದೇ ಹಿಡಿಯಿರಿ. ಅಲ್ಲಿ ಕೆಂಪು ವಲಯ ಅಂತ ಮಾಡಿರುವ ಬೀದಿಗಳಲ್ಲಿ ಸಂಜೆ 5ರಿಂದ ಬೆಳಿಗ್ಗೆ 10ರವರೆಗೆ ಪ್ರವಾಸಿಗರು ಅಡ್ಡಾಡುವಂತಿಲ್ಲ. 2025ರ ಮಾರ್ಚ್‌ನಿಂದ 1 ಲಕ್ಷ ವೋನ್ ದಂಡ ಇದೆ.

ದಾರಿಹೋಕಿ:

ಅಯ್ಯೋ, ಹಬ್ಬದ ವಾರ ಅಂತ ನನಗೆ ಗೊತ್ತೇ ಇರಲಿಲ್ಲ! ತುಂಬಾ ಥ್ಯಾಂಕ್ಸ್ ಸುವೊನ್‌ವಾಸಿ ಅವರೇ. ಅಮ್ಮನಿಗೆ ಇದನ್ನು ಓದಿ ಹೇಳಿದೆ. ಪೈನ್ ಎಲೆ ಅಂದ ತಕ್ಷಣ ಅವರ ಕಣ್ಣು ಅರಳಿತು, ಆದರೆ ಎಣ್ಣೆಯಲ್ಲಿ ಪದರ ಬಿಚ್ಚಿಕೊಳ್ಳುವುದನ್ನೂ ನೋಡಬೇಕಂತೆ. ಬುಕ್ ಮಾಡುವ ಮೊದಲು ಕ್ಲಾಸಿನವರಿಗೆ ಏನು ಕೇಳಬೇಕು? ನಾವೇ ಹಿಟ್ಟು ಕಲಸುತ್ತೇವಾ ಇಲ್ಲವಾ ಅಂತ ನೇರವಾಗಿ ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರಾ?

ಬೆಲ್ಲದಚ್ಚು:

ಖಂಡಿತ ನೇರವಾಗಿ ಕೇಳಿ. ದುಡ್ಡು ಕೊಡುವವರು ನೀವು, ಅಷ್ಟು ದೂರ ಹೋಗುತ್ತಿರುವವರೂ ನೀವು. ನಾನು ಎರಡನೆಯ ಸಲ ಕೇಳಿದ್ದು ಇಷ್ಟೇ: ಹಿಟ್ಟು ನಾನೇ ಕಲಸುತ್ತೇನಾ, ಒಲೆಯ ಮುಂದೆ ನಾನೇ ನಿಲ್ಲುತ್ತೇನಾ, ಒಟ್ಟು ಎಷ್ಟು ಜನ, ಅಳತೆ ಬರೆದುಕೊಡುತ್ತೀರಾ. ಉತ್ತರದಲ್ಲೇ ಗೊತ್ತಾಗುತ್ತದೆ. ನನ್ನ ಟೀಚರ್ ಒಂದು ಪ್ಯಾರಾ ಬರೆದು, ಎಣ್ಣೆ ಬಿಸಿ ಇರುತ್ತದೆ, ಉದ್ದ ತೋಳಿನ ಬಟ್ಟೆ ಹಾಕಿಕೊಂಡು ಬನ್ನಿ ಅಂತ ಕೂಡ ಸೇರಿಸಿದ್ದರು. ಫೋಟೋ ತೆಗೆದುಕೊಳ್ಳಲು ಹಾನ್‌ಬೊಕ್ ಬಟ್ಟೆಯೂ ಕೊಡುತ್ತೇವೆ ಅನ್ನುವುದನ್ನೇ ದೊಡ್ಡದಾಗಿ ಹಾಕಿದ್ದರೆ ನಾನಾದರೆ ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ಹಬ್ಬದ ವಾರವೇ ಆದ್ದರಿಂದ ಸೊಂಗ್‌ಪ್ಯೊನ್ ವಿಷಯ ನಾನೂ ಒಪ್ಪುತ್ತೇನೆ. ನಾನು ಹೋಗಿದ್ದು ಜನವರಿಯಲ್ಲಿ.

ಅಲೆಮಾರಿ77:

ಯಾರೂ ದಾಸಿಕ್ ಬಗ್ಗೆ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮಂಡಿನೋವು, ಬಿಸಿ ಎಣ್ಣೆ, ಸೋಜು ಯಾವ ತಾಪತ್ರಯವೂ ಇಲ್ಲದ ಸಿಹಿ ಅದು. ಹುರಿದ ಕರಿ ಎಳ್ಳಿನ ಪುಡಿ, ಹುರಿದ ಸೋಯಾ ಪುಡಿ, ಪೈನ್ ಹೂವಿನ ಪರಾಗ, ಹೀಗೆ ಒಂದೊಂದಕ್ಕೂ ಜೇನು ಹಾಕಿ ಕಲಸಿ ಮರದ ಅಚ್ಚಿಗೆ ಒತ್ತುವುದು. ಒಲೆಯೇ ಹಚ್ಚಬೇಕಿಲ್ಲ. ಚಹಾದ ಜೊತೆ ತಿನ್ನುವ ಸಿಹಿ, 'ದಾ' ಅಂದರೇನೇ ಚಹಾ.

ಆ ಅಚ್ಚನ್ನು ನೋಡಲೇಬೇಕು. ಎರಡು ಹಲಗೆ ಒಂದರ ಮೇಲೊಂದು. ಮೇಲಿನ ಹಲಗೆಯಲ್ಲಿ ಸಾಲಾಗಿ ತೂತುಗಳು, ಕೆಳಗಿನದರಲ್ಲಿ ಅದಕ್ಕೆ ಸರಿಯಾಗಿ ಉಬ್ಬಿದ ಗುಂಡಿಗಳು. ಗುಂಡಿಯ ತಲೆಯ ಮೇಲೆ ಹೂವು, ಅಥವಾ ಆಯುಸ್ಸು, ಭಾಗ್ಯ ಅನ್ನುವ ಅಕ್ಷರ ಕೆತ್ತಿರುತ್ತಾರೆ. ನಡುವೆ ಎರಡು ಕಡ್ಡಿ ಕೊಟ್ಟು ಮೇಲಿನ ಹಲಗೆ ಎತ್ತಿ ನಿಲ್ಲಿಸಿ, ತೂತಿಗೆ ಎಳ್ಳೆಣ್ಣೆ ಸವರಿ, ಹಿಟ್ಟು ತುಂಬಿ ಹೆಬ್ಬೆರಳಿನಿಂದ ಬಲವಾಗಿ ಒತ್ತಬೇಕು. ಆಮೇಲೆ ಕಡ್ಡಿ ತೆಗೆದು ಹಲಗೆ ಕೆಳಗೆ ಒತ್ತಿದರೆ ಸಿಹಿ ತಾನಾಗಿ ಮೇಲಕ್ಕೆ ಎದ್ದು ಬರುತ್ತದೆ. ನನ್ನದು ಮೊದಲ ಸಲ ಅಕ್ಷರದ ಅಂಚು ಸರಿಯಾಗಿ ಮೂಡಲಿಲ್ಲ, ಜೇನು ಸ್ವಲ್ಪ ಜಾಸ್ತಿಯಾಗಿತ್ತು. ಎರಡನೆಯ ಸಲ ಪುಡಿ ಸೇರಿಸಿ ಗಟ್ಟಿ ಮಾಡಿಕೊಂಡ ಮೇಲೆ ಒಂದೊಂದು ಗೆರೆಯೂ ಚೂಪಾಗಿ ಬಂತು. ಪೈನ್ ಪರಾಗದ್ದು ಹಳದಿ ಬಣ್ಣ, ಬಾಯಲ್ಲಿಟ್ಟರೆ ಪೌಡರಿನ ಹಾಗೆ ಕರಗುತ್ತದೆ. ಮೇ ತಿಂಗಳ ಆಸುಪಾಸಿನಲ್ಲಿ ಕೆಲವೇ ದಿನ ಸಿಗುವ ಪರಾಗವನ್ನು ನೀರಿನಲ್ಲಿ ತೊಳೆದು ಒಣಗಿಸಿ ಇಟ್ಟುಕೊಂಡಿರುತ್ತಾರೆ, ಅದಕ್ಕೇ ದುಬಾರಿ.

ಹಾಗೇ ಇನ್ನೊಂದು ಮಾತು. ಈ ಸಿಹಿಗಳನ್ನೆಲ್ಲ ಒಟ್ಟಾಗಿ ಹಾನ್‌ಗ್ವಾ ಅನ್ನುತ್ತಾರೆ, ತೊಕ್, ಅಂದರೆ ಸೊಂಗ್‌ಪ್ಯೊನ್ ಥರದ ಅಕ್ಕಿ ಕೇಕು, ಬೇರೆ ಗುಂಪು. ಹಿಂದೆ ಗೊರ್ಯೊ ರಾಜರ ಕಾಲದಲ್ಲಿ ಯಾಕ್‌ಗ್ವಾ ಥರದ ಜೇನು, ಎಣ್ಣೆಯ ಸಿಹಿಗಳಿಗೆ ಎಷ್ಟು ಧಾನ್ಯ, ಎಷ್ಟು ಜೇನು ಸುರಿಯುತ್ತಿದ್ದರೆಂದರೆ 1192ರಲ್ಲಿ ನಿಷೇಧವನ್ನೇ ತಂದರು. ಯಾಕ್‌ಗ್ವಾದ 'ಯಾಕ್' ಅಂದರೆ ಔಷಧಿ, ಜೇನನ್ನು ಔಷಧಿ ಅಂತಲೇ ನೋಡುತ್ತಿದ್ದ ಕಾಲ ಅದು. ತೊಕ್ ಮಾಡುವುದನ್ನು 2021ರಲ್ಲಿ ಅಲ್ಲಿನ ಸರ್ಕಾರ ರಾಷ್ಟ್ರೀಯ ಪರಂಪರೆ ಅಂತ ಘೋಷಿಸಿತು, ಆದರೆ ಯಾರೊಬ್ಬರ ಹೆಸರಿನಲ್ಲೂ ಅಲ್ಲ, ಯಾಕೆಂದರೆ ಇಡೀ ದೇಶದಲ್ಲಿ ಮನೆಮನೆಯಲ್ಲೂ ಮಾಡುತ್ತಾರೆ. ನನಗೆ ಇದು ಬಹಳ ಇಷ್ಟವಾಯಿತು. ಇನ್ನೊಮ್ಮೆ ಹೋಗುವ ಯೋಗ ಬಂದರೆ ಸೋಲ್ ಬಿಟ್ಟು ಹೊರಗೆ ಹೋಗಿ, ಗಂಗ್ನಂಗ್ ಹತ್ತಿರ ಸಾಚೊನ್ ಕಡೆ ಹಾನ್‌ಗ್ವಾ ಮಾಡುವ ಊರೇ ಇದೆ, ದಾಮ್ಯಾಂಗ್‌ನ ಚಾಂಗ್‌ಪ್ಯೊಂಗ್‌ನಲ್ಲಿ ಅಕ್ಕಿಯ ಯೊತ್ ಮಿಠಾಯಿಯನ್ನು ಇಬ್ಬರು ಎದುರುಬದುರು ಕೂತು ಎಳೆದು ಎಳೆದು ಬಿಳಿ ಮಾಡುತ್ತಾರೆ.

ದಾರಿಹೋಕಿ:

ಎಲ್ಲರಿಗೂ ಮನಸಾರೆ ಧನ್ಯವಾದ. ನಿನ್ನೆ ರಾತ್ರಿ ಮೂರು ಕಡೆ ಬರೆದಿದ್ದೆ. ಒಬ್ಬರು 21ರ ಬೆಳಿಗ್ಗೆ ಸೊಂಗ್‌ಪ್ಯೊನ್ ಮತ್ತು ಒಂದೇ ಬಗೆಯ ದಾಸಿಕ್, ಎತ್ತರದ ಮೇಜು, ನಾಲ್ಕು ಜನ, ಹಿಟ್ಟು ನೀವೇ ಕಲಸಬೇಕು ಅಂತ ಉತ್ತರ ಕೊಟ್ಟಿದ್ದಾರೆ. ಅದನ್ನೇ ಬುಕ್ ಮಾಡಿದೆ. ಯಾಕ್‌ಗ್ವಾ ಕರಿಯುವುದು ಈ ಸಲ ಇಲ್ಲ, ಅಮ್ಮ ಒಪ್ಪಿಕೊಂಡರು.

ಕೊನೆಯ ಪ್ರಶ್ನೆ. ಮಾಡಿದ್ದನ್ನು ಮನೆಗೆ ತರಬಹುದಾ? ಅಪ್ಪನಿಗೆ ತೋರಿಸಬೇಕಂತೆ. ಮನೆಯಲ್ಲಿ ಮತ್ತೆ ಮಾಡಲು ಏನೇನು ಕೊಂಡು ತರಬೇಕು?

ಸುವೊನ್‌ವಾಸಿ:

ಸೊಂಗ್‌ಪ್ಯೊನ್ ಅವತ್ತೇ ತಿಂದುಬಿಡಿ. ಮಾರನೆಯ ದಿನಕ್ಕೆ ಕಲ್ಲಾಗುತ್ತದೆ. ಫ್ರಿಜ್‌ನಲ್ಲಿಟ್ಟರೆ ಇನ್ನೂ ಬೇಗ ಗಟ್ಟಿಯಾಗುತ್ತದೆ, ಇಡಲೇಬೇಕೆಂದರೆ ಫ್ರೀಜರ್. ನೀವು 26ಕ್ಕೆ ಹೊರಡುವವರು, 21ರದ್ದನ್ನು ತರುವ ಆಸೆ ಬಿಡಿ, ಅಪ್ಪನಿಗೆ ಫೋಟೋ ಸಾಕು. ದಾಸಿಕ್ ಗಾಳಿಯಾಡದ ಡಬ್ಬಿಯಲ್ಲಿ ಉಳಿಯುತ್ತದೆ, ಅದನ್ನು ತನ್ನಿ.

ಸಾಮಾನಿಗೆ ಉಲ್ಜಿರೊದ ಬಾಂಗ್ಸಾನ್ ಮಾರ್ಕೆಟ್‌ಗೆ ಹೋಗಿ. ಬೇಕಿಂಗ್ ಸಾಮಾನು, ಡಬ್ಬಿ, ಅಚ್ಚು ಎಲ್ಲ ಅಲ್ಲಿದೆ. ಆದರೆ 23ರ ಒಳಗೆ ಹೋಗಿ. ಜೊಚಂಗ್ ಕೊಂಡರೆ ಕೈಚೀಲದಲ್ಲಿ ಇಡಬೇಡಿ, ದ್ರವ ಅಂತ ತೆಗೆದು ಹಾಕುತ್ತಾರೆ. ಚೆಕ್-ಇನ್ ಲಗೇಜ್‌ಗೆ ಹಾಕಿ, ಎರಡು ಪ್ಲಾಸ್ಟಿಕ್ ಕವರ್ ಸುತ್ತಿ. ಅಕ್ಕಿ ಹಿಟ್ಟು ಮಾತ್ರ ಇಲ್ಲಿಂದ ಹೊರಬೇಡಿ. ಇಲ್ಲಿ ನೆನೆಸಿದ ಅಕ್ಕಿಯನ್ನು ಒದ್ದೆಯಾಗಿಯೇ ಬೀಸುತ್ತಾರೆ, ಒಣ ಹಿಟ್ಟಿಗೆ ಅಳತೆಯೇ ಬೇರೆ. ಮನೆಯಲ್ಲಿ ಅಕ್ಕಿ ರಾತ್ರಿಯಿಡೀ ನೆನೆಸಿ, ನೀರು ಸೋರಿಸಿ, ಪುಡಿ ಮಾಡಿ, ಜರಡಿ ಹಿಡಿದು ಕುದಿಯುವ ನೀರು ಸ್ವಲ್ಪ ಸ್ವಲ್ಪ ಹಾಕಿ ಕಲಸಿ. ಉಂಡೆ ಮಾಡಿ ಒತ್ತಿದಾಗ ಅಂಚು ಬಿರಿಯಬಾರದು, ಕೈಗೂ ಅಂಟಬಾರದು. ಆ ಹದ ಎಲ್ಲಿ ಬರುತ್ತದೆ ಅನ್ನುವುದನ್ನು 21ನೇ ತಾರೀಖು ಕ್ಲಾಸಿನಲ್ಲಿ ಅಮ್ಮ ಒಂದು ಸಲ ಮುಟ್ಟಿ ನೋಡಿಕೊಳ್ಳಲಿ.

ಸೋಲ್‌ನಲ್ಲಿ ಏನಾದರೂ ತೊಂದರೆಯಾದರೆ ಇಲ್ಲೇ ಬರೆಯಿರಿ, ಹಬ್ಬದ ರಜೆಯಲ್ಲೂ ನಾನು ಊರಿನಲ್ಲೇ ಇರುತ್ತೇನೆ.