ಬರೆದು ಒರೆಸುವ ಮನೆ ಕ್ಯಾಲೆಂಡರ್: ಲ್ಯಾಮಿನೇಷನ್ ಸಾಕಾ, ಗಾಜೇ ಬೇಕಾ?

ಅಡುಗೆಮನೆ_ಗೋಡೆ:
ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ದಿನ, ಮಕ್ಕಳ ಪರೀಕ್ಷೆ ಎಲ್ಲ ಒಂದೇ ಕಡೆ ಬರೆಯೋಕೆ ಎ3 ಹಾಳೆಯಲ್ಲಿ ದಿನಕ್ಕೊಂದು ಮನೆ ಹಾಕಿ, ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಟ್ ಮಾಡಿಸಿದ್ದು. ಬಳಸೋದು ವೈಟ್‌ಬೋರ್ಡ್ ಮಾರ್ಕರ್ರೇ. ಆದರೂ ತಿಂಗಳ ಕೊನೆಗೆ ಒರೆಸಿದರೆ ಅಕ್ಷರದ ನೆರಳು ಉಳಿಯುತ್ತೆ, ಕೆಂಪಂತೂ ಹೋಗೋದೇ ಇಲ್ಲ. ಹಾಕಿದ್ದು ಐದು ಸಾಲು, ಕೆಲವು ತಿಂಗಳಿಗೆ ಸಾಲ್ತಿಲ್ಲ. ಹೊಸದಾಗಿ ಮಾಡೋದಾದರೆ ಯಾವುದರ ಮೇಲೆ, ಯಾವ ಅಳತೆಯಲ್ಲಿ?

ಗೆರೆಕೋಲು:
ಗಾಜಿನ ಫೋಟೋ ಫ್ರೇಮ್ ತಗೊಳ್ಳಿ, ಎ3 ಅಳತೆಯದು. ಮಾರ್ಕರ್ ಮಸಿಯಲ್ಲಿ ಬಣ್ಣದ ಜೊತೆ ಬೇಗ ಆರುವ ಆಲ್ಕೋಹಾಲ್ ಇರುತ್ತೆ, ಮೇಲ್ಮೈಗೆ ಕಚ್ಚದಂತೆ ತಡೆಯೋ ಎಣ್ಣೆಯಂಥ ಅಂಶವೂ ಇರುತ್ತೆ. ಲ್ಯಾಮಿನೇಷನ್ ಹಾಳೆ ಮೆತ್ತಗಿನ ಪ್ಲಾಸ್ಟಿಕ್. ಒಣಬಟ್ಟೆಯಲ್ಲಿ ಉಜ್ಜಿ ಉಜ್ಜಿ ಕೂದಲೆಳೆಯಂಥ ಗೀರು ಬೀಳುತ್ತೆ, ಬಣ್ಣ ಅಲ್ಲಿ ಹೋಗಿ ಕೂರುತ್ತೆ. ಕ್ಯಾಲೆಂಡರಿನ ಬರಹ ಮೂರು ನಾಲ್ಕು ವಾರ ಹಾಗೇ ಇರೋದರಿಂದ ತೊಂದರೆ ಇನ್ನೂ ಜಾಸ್ತಿ. ಗಾಜಿಗೆ ಈ ಕಾಟ ಇಲ್ಲ. ಆದರೆ ಪ್ರತಿಫಲನ ತಪ್ಪಿಸೋ ತರಿ ಗಾಜು ಬೇಡ, ಸಾದಾ 2 ಮಿ.ಮೀ. ಸಾಕು.

ಅಳತೆ: ಎ3 ಅಂದರೆ 420 x 297 ಮಿ.ಮೀ. ಫ್ರೇಮಿನ ತುಟಿ ಸುತ್ತಲೂ ಒಂದಿಷ್ಟು ಮುಚ್ಚುತ್ತೆ, ಹಾಗಾಗಿ ನಾಲ್ಕೂ ಕಡೆ 10 ಮಿ.ಮೀ. ಬಿಟ್ಟುಬಿಡಿ. ಉಳಿದದ್ದು 400 x 277. ಅಗಲಕ್ಕೆ 56 ಮಿ.ಮೀ.ನ ಏಳು ಕಂಬ (392). ಎತ್ತರದಲ್ಲಿ ತಿಂಗಳ ಹೆಸರಿಗೆ 35, ವಾರದ ಹೆಸರಿಗೆ 18, ಆಮೇಲೆ 36ರ ಆರು ಸಾಲು. ಒಟ್ಟು 269.

ಆರೇ ಸಾಲು ಬೇಕು. ಭಾನುವಾರದಿಂದ ಶುರುವಾಗೋ ಪಟ್ಟಿಯಲ್ಲಿ 31 ದಿನದ ತಿಂಗಳು ಶುಕ್ರವಾರವೋ ಶನಿವಾರವೋ ಹುಟ್ಟಿದರೆ ಐದು ಸಾಲು ಸಾಲಲ್ಲ. 2026ರಲ್ಲಿ ಮೇ, ಆಗಸ್ಟ್ ಎರಡೂ ಹಾಗೇ. ಅಚ್ಚಿನ ಕ್ಯಾಲೆಂಡರಿನವರು 30, 31ನ್ನು ಮೊದಲ ಸಾಲಿನ ಖಾಲಿ ಮನೆಗೆ ತುರುಕುತ್ತಾರೆ. ಕೈಯಲ್ಲಿ ಬರೆಯೋವಾಗ ಅದು ಬರೀ ಗೊಂದಲ.

ತಿಥಿವಾರ:
ಮೇಲಿನದಕ್ಕೆ ಒಂದು ಮಾತು ಸೇರಿಸ್ತೀನಿ. ಗೆರೆ, ವಾರದ ಹೆಸರಿನಂಥ ಬದಲಾಗದ್ದು ಗಾಜಿನ ಕೆಳಗಿನ ಹಾಳೆಯಲ್ಲಿ, ಬದಲಾಗೋದು ಗಾಜಿನ ಮೇಲೆ. ಗೆರೆಗಳನ್ನು ಪರ್ಮನೆಂಟ್ ಮಾರ್ಕರಿನಲ್ಲಿ ಗಾಜಿನ ಮೇಲೇ ಎಳೆಯೋರಿದ್ದಾರೆ. ಅದರ ಮೇಲೆ ವೈಟ್‌ಬೋರ್ಡ್ ಮಾರ್ಕರ್ ಓಡಿದ ಕಡೆಯೆಲ್ಲ ಗೆರೆ ಕರಗಿ ಬರುತ್ತೆ.

ರಾಹುಕಾಲ ನೋಡೋ ಮನೆಯಾದರೆ ಅದನ್ನೂ ವಾರದ ಹೆಸರಿನ ಕೆಳಗೆ ಅಚ್ಚು ಹಾಕಿಸಿಬಿಡಿ, ವಾಡಿಕೆಯ ಲೆಕ್ಕದಲ್ಲಿ ಅದು ವಾರಕ್ಕೆ ಕಟ್ಟಿದ್ದು: ಭಾನು 4.30–6, ಸೋಮ 7.30–9, ಮಂಗಳ 3–4.30, ಬುಧ 12–1.30, ಗುರು 1.30–3, ಶುಕ್ರ 10.30–12, ಶನಿ 9–10.30. ಏಕಾದಶಿ, ಸಂಕಷ್ಟಿ, ಅಮಾವಾಸ್ಯೆ ತಿಂಗಳು ತಿಂಗಳು ಜರುಗೋದರಿಂದ ಅವು ಮೇಲೆ, ಮಾರ್ಕರಿನಲ್ಲಿ. ಹಾಲಿಗೆ ಪ್ರತಿ ಮನೆಯ ಕೆಳಮೂಲೆಯಲ್ಲಿ ಚಿಕ್ಕ ಚೌಕ ಇಟ್ಟು, ಅರ್ಧ ಲೀಟರಿಗೆ ಒಂದು ಗೀಟು. ಒರೆಸೋ ಮುಂಚೆ ಫೋಟೋ ತೆಗೆದಿಡಿ, ಹಾಲಿನವರ ಜೊತೆ ತಕರಾರು ಬಂದರೆ ಅದೇ ದಾಖಲೆ.

ಕರಾವಳಿ, ಮಲೆನಾಡಿನವರು ಫ್ರೇಮಿನ ಹಿಂದುಗಡೆ ಸಂದಿಗೆಲ್ಲ ಬ್ರೌನ್ ಟೇಪ್ ಅಂಟಿಸಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಹಾಳೆ ಅಲೆಅಲೆಯಾಗಿ ಬೂಷ್ಟು ಹಿಡಿಯುತ್ತೆ. ಇಂಕ್‌ಜೆಟ್ ಪ್ರಿಂಟ್ ತೇವಕ್ಕೆ ಹರಡಬಹುದು, ಲೇಸರ್ ಪ್ರಿಂಟೇ ಇರಲಿ.

ಮರಗೆಲಸ_ಮೂಲೆ:
ಚಿಕ್ಕ ಮಕ್ಕಳಿರೋ ಮನೆಗೆ ಗಾಜು ನಾನಂತೂ ಹೇಳಲ್ಲ. ಎ3 ಗಾಜೊಂದೇ 600 ಗ್ರಾಂ ಮೇಲಿರುತ್ತೆ. ಬಾಡಿಗೆ ಮನೆ, ಮೊಳೆ ಹೊಡೆಯೋ ಹಾಗಿಲ್ಲ ಅಂತ ಅಂಟು ಕೊಕ್ಕೆ ಹಾಕಿದರೆ ಡಿಸ್ಟೆಂಪರ್ ಗೋಡೆಯಲ್ಲಿ ಬಣ್ಣದ ಪದರ ಸಮೇತ ಕೆಳಗೆ ಬರುತ್ತೆ. ಗ್ಲಾಸಿ ಬಿಳಿ ಸನ್‌ಮೈಕಾ ತುಂಡನ್ನು ತೆಳು ಪ್ಲೈವುಡ್‌ಗೆ ಫೆವಿಕಾಲ್ ಹಾಕಿ ಕೂರಿಸಿ, ಒಂದು ರಾತ್ರಿ ಭಾರ ಹೇರಿಡಿ. ಮ್ಯಾಟ್ ಫಿನಿಶ್ ಬೇಡವೇ ಬೇಡ, ಮೊದಲ ತಿಂಗಳೇ ಕಲೆ. ಗೆರೆಗೆ ಗಾಡಿಗಳಿಗೆ ಅಂಟಿಸೋ 3 ಮಿ.ಮೀ. ವಿನೈಲ್ ಪಟ್ಟಿ. ಒರೆಸುವಾಗ ಅಂಚಲ್ಲಿ ಮಸಿ ಸೇರುತ್ತೆ, ಹತ್ತಿಕಡ್ಡಿ ಬೇಕಾಗುತ್ತೆ. ಅಷ್ಟು ಕಿರಿಕಿರಿ ಒಪ್ಪಿಕೊಳ್ಳಬೇಕು.

ಗಾಜಿನ ಬದಲು ಅಕ್ರಿಲಿಕ್ ಪ್ಲಾಸ್ಟಿಕ್ ಹಾಕೋರು ಸ್ಪಿರಿಟ್, ಸ್ಯಾನಿಟೈಸರ್ ತಾಗಿಸಬೇಡಿ. ಕತ್ತರಿಸಿದ ಅಂಚಿಂದ ಸಣ್ಣ ಸಣ್ಣ ಬಿರುಕು ಏಳಬಹುದು. ಸೋಪು ನೀರು, ಮೆತ್ತನೆ ಬಟ್ಟೆ ಅಷ್ಟೇ.

ಅಡುಗೆಮನೆ_ಗೋಡೆ:
ಗಾಜೇ ಹಾಕ್ತೀನಿ, ಮಕ್ಕಳು ದೊಡ್ಡವರು. ಹಳೆ ಲ್ಯಾಮಿನೇಷನ್ ಹಾಳೆ ಉಳಿಸ್ಕೊಳ್ಳೋಕೆ ಆಗುತ್ತಾ? ಇನ್ನೊಂದು, ಒಲೆ ಪಕ್ಕ ಮಾರ್ಕರ್ ಹಿಡಿಯದೆ ಮಸಿ ಹನಿ ಹನಿಯಾಗಿ ಒಡೆಯುತ್ತೆ.

ಗೆರೆಕೋಲು:
ಹನಿ ಒಡೆಯೋದು ಒಗ್ಗರಣೆಯ ಜಿಡ್ಡಿಂದ. ಪಾತ್ರೆ ಸೋಪಿನ ನೀರಲ್ಲಿ ಒರೆಸಿ, ಪೂರ್ತಿ ಒಣಗಿಸಿ ಬರೆಯಿರಿ. ಒಲೆಯಿಂದ ದೂರ ಇದ್ದಷ್ಟೂ ಒಳ್ಳೇದು.

ಹಳೆ ಕಲೆ ಮೇಲೆ ಅದೇ ಮಾರ್ಕರಿನಲ್ಲಿ ದಟ್ಟವಾಗಿ ತೀಡಿ, ಆರೋ ಮುಂಚೆ ಒರೆಸಿ. ಹೊಸ ಮಸಿಯ ದ್ರಾವಕ ಹಳೇದನ್ನೂ ಎಬ್ಬಿಸಿಕೊಂಡು ಬರುತ್ತೆ. ಮಿಕ್ಕಿದ್ದಕ್ಕೆ ಹತ್ತಿಯಲ್ಲಿ ಸ್ವಲ್ಪ ಸ್ಪಿರಿಟ್, ಹಾಳೆಯ ಅಂಚಿಗೆ ಮಾತ್ರ ಇಳಿಯದ ಹಾಗೆ. ಗೀರೊಳಗೆ ಕೂತದ್ದು ಹೋಗಲ್ಲ. ಆ ಹಾಳೆಯನ್ನು ದಿನಾ ಅಳಿಸೋ ಸಾಮಾನಿನ ಪಟ್ಟಿಗೆ ಇಟ್ಕೊಳ್ಳಿ. ಕೈ ತಾಗಿ ತಾರೀಖು ಅಳಿಸಿಹೋಗ್ತಿದ್ದರೆ ತಾರೀಖಿಗೆ ಮಾತ್ರ ನೀರಲ್ಲಿ ಒರೆಸೋ ಓಎಚ್‌ಪಿ ಪೆನ್ (ಪ್ರೊಜೆಕ್ಟರಿನ ಪ್ಲಾಸ್ಟಿಕ್ ಹಾಳೆ ಮೇಲೆ ಬರೆಯೋ ಪೆನ್) ತನ್ನಿ. ಅದರಲ್ಲೇ ಪರ್ಮನೆಂಟ್ ಜಾತಿಯೂ ಸಿಗುತ್ತೆ, ಮೈ ಮೇಲೆ ಬರೆದಿರೋದು ಓದಿ ಕೊಳ್ಳಿ. ಮಾರ್ಕರುಗಳನ್ನು ಮಲಗಿಸಿಡಿ. ಮೂತಿ ಮೇಲಾಗಿ ನಿಲ್ಲಿಸಿದರೆ ಮಸಿ ಕೆಳಗಿಳಿದು ತುದಿ ಒಣಗುತ್ತೆ.