ಮುಖ ಬಿಡಿಸಿದರೆ ಹಣೆಯೇ ಇರೋದಿಲ್ಲ, ಎಲ್ಲಿಂದ ಶುರು ಮಾಡಲಿ?

ಗೀಚುಪುಸ್ತಕ:
ನನಗೆ 36 ವರ್ಷ. ಶಾಲೆಯಲ್ಲಿ ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕದಲ್ಲೊಂದು ತೆಂಗಿನಮರ ಬಿಟ್ಟರೆ ಏನೂ ಬಿಡಿಸಿದವನಲ್ಲ. ಎರಡು ತಿಂಗಳಿಂದ ರಾತ್ರಿ ಊಟ ಆದಮೇಲೆ ಕೂತು ಅಜ್ಜಿಯ ಫೋಟೋ ನೋಡಿಕೊಂಡು ಬಿಡಿಸುತ್ತಿದ್ದೇನೆ. ಮೂಗುತಿ, ಕುಂಕುಮ ಚೆನ್ನಾಗಿ ಬರುತ್ತವೆ, ಆದರೆ ಮುಖ ಮಾತ್ರ ಪಕ್ಕದ ಬೀದಿಯ ಯಾರದೋ ಥರ. ಹಣೆಗೆ ಜಾಗವೇ ಉಳಿಯುವುದಿಲ್ಲ. 12 ಪೆನ್ಸಿಲ್‌ಗಳ ಸೆಟ್ ಬೇರೆ ತಂದಿದ್ದೇನೆ, ಯಾವುದು ಯಾವಾಗ ಅಂತ ಗೊತ್ತಿಲ್ಲ. ಫೋಟೋ ನೋಡಿ ಬಿಡಿಸೋದೇ ತಪ್ಪಾ?

ಸೀಸದಕಡ್ಡಿ:
ಹಣೆ ಮಾಯವಾಗುವುದು ಎಲ್ಲರಿಗೂ ಆಗುತ್ತದೆ. ಕಣ್ಣು ತಲೆಯ ಮೇಲಿನ ಭಾಗದಲ್ಲಿದೆ ಅಂತ ನಾವು ಸುಮ್ನೆ ಅಂದುಕೊಂಡಿರುತ್ತೇವೆ. ಕನ್ನಡಿ ಮುಂದೆ ನಿಂತು ಪೆನ್ಸಿಲ್ ಹಿಡಿದು ಅಳೆದು ನೋಡಿ, ನೆತ್ತಿಯಿಂದ ಕಣ್ಣಿಗೆ ಎಷ್ಟಿದೆಯೋ ಕಣ್ಣಿಂದ ಗದ್ದಕ್ಕೂ ಹೆಚ್ಚುಕಡಿಮೆ ಅಷ್ಟೇ. ಅಜ್ಜಿ ತಲೆ ಬಗ್ಗಿಸಿದ್ದರೆ ಈ ಲೆಕ್ಕ ಬದಲಾಗುತ್ತದೆ, ಅದು ಬೇರೆ. ಮೊದಲು ತೆಳು ಗೆರೆಯಲ್ಲಿ ಇಡೀ ತಲೆ, ಆಮೇಲೆ ಕಣ್ಣು ಮೂಗಿನ ಜಾಗ, ಮೂಗುತಿ ಕಟ್ಟಕಡೆಗೆ. ಗೋಡೆ ಏಳುವ ಮೊದಲೇ ತೋರಣ ಕಟ್ಟಬೇಡಿ.

ಪೆನ್ಸಿಲ್ ಎಚ್‌ಬಿ, 2ಬಿ, 6ಬಿ ಸಾಕು. ಇವು ಪೆನ್ಸಿಲ್ ಮೇಲೆಯೇ ಬರೆದಿರುವ ಗುರುತುಗಳು, ಬಿ ಜೊತೆಗಿನ ಅಂಕಿ ದೊಡ್ಡದಾದಷ್ಟೂ ಕಡ್ಡಿ ಮೆತ್ತಗೆ. ಕಡ್ಡಿಯಲ್ಲಿ ಜೇಡಿಮಣ್ಣು ಜಾಸ್ತಿ ಇದ್ದರೆ ಗಟ್ಟಿ, ಗ್ರಾಫೈಟ್ ಜಾಸ್ತಿ ಇದ್ದರೆ ಮೆತ್ತಗೆ, ಕಪ್ಪಗೆ. ಉಳಿದ ಒಂಬತ್ತನ್ನು ಮಕ್ಕಳಿಗೆ ಕೊಡಿ.

ಅರ್ಧಲೋಟಕಾಫಿ:
ಅಜ್ಜಿಯನ್ನು ಸ್ವಲ್ಪ ದಿನ ಬಿಟ್ಟು ಲೋಟ ಬಿಡಿಸಿ. ತಮಾಷೆ ಅಲ್ಲ. ಸ್ಟೀಲ್ ಲೋಟ ಒಂದನ್ನು ಮೇಜಿನ ಮೇಲಿಟ್ಟು ಎದುರಿಗೆ ಕೂತುಕೊಳ್ಳಿ. ಬಾಯಿ ದುಂಡಗಿದೆ ಅಂತ ಗೊತ್ತು, ಅದಕ್ಕೇ ದುಂಡಗೆ ಬಿಡಿಸುತ್ತೇವೆ. ತಳ ಸಪಾಟಾಗಿದೆ ಅಂತ ಗೊತ್ತು, ಅದಕ್ಕೇ ಅಡಿಗೆ ನೇರ ಗೆರೆ ಎಳೆಯುತ್ತೇವೆ. ಕಣ್ಣಿಗೆ ಕಾಣೋದು ಎರಡೂ ಅಲ್ಲ! ಬಾಯಿ ಓರೆಯಾಗಿ ಹಿಡಿದ ಬಳೆಯ ಹಾಗಿರುತ್ತದೆ. ತಳದ ಅಂಚು ಬಾಯಿಗಿಂತ ಇನ್ನೂ ಜಾಸ್ತಿ ಬಾಗಿರುತ್ತದೆ, ಯಾಕಂದರೆ ಅದು ನಿಮ್ಮ ಕಣ್ಣಿನ ಮಟ್ಟದಿಂದ ಇನ್ನಷ್ಟು ಕೆಳಗಿದೆ. ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿದರೆ ಬಾಯಿ ಬರೀ ಒಂದು ಗೆರೆ. ನಾನು ಒಂದು ತಿಂಗಳು ಇದನ್ನೇ ಮಾಡಿದೆ, ಮನೆಯಲ್ಲಿ ಆ ಲೋಟ ಯಾರೂ ಮುಟ್ಟುತ್ತಿರಲಿಲ್ಲ.

ಬಸ್‌ಸ್ಟಾಪ್‌ಗೆರೆ:
ಒಂದು ತಿಂಗಳು ಲೋಟನಾ? ನಾನಾಗಿದ್ದರೆ ನಾಲ್ಕನೇ ದಿನಕ್ಕೇ ಪೆನ್ಸಿಲ್ ಬಿಸಾಕುತ್ತಿದ್ದೆ. ಬೇಜಾರಾದರೆ ಬಸ್ ಕಾಯುವವರನ್ನು ಬಿಡಿಸಿ. ಒಬ್ಬರಿಗೆ ಒಂದೇ ನಿಮಿಷ, ರಬ್ಬರ್ ಬೇಡ. ಕಾಲು ಬಿಡಿಸುವಷ್ಟರಲ್ಲಿ ಬಸ್ ಬಂದರೆ ಕಾಲಿಲ್ಲದೆಯೇ ಇರಲಿ.

ಫೋಟೋ ತಪ್ಪಲ್ಲ, ಆದರೆ ತೀರಾ ಹತ್ತಿರದಿಂದ ತೆಗೆದ ಫೋಟೋದಲ್ಲಿ ಮೂಗು ದಪ್ಪಗಾಗಿರುತ್ತದೆ, ಹುಷಾರು. ಉಡುಪಿ ಕಡೆಯ ಕೆ.ಕೆ. ಹೆಬ್ಬಾರರ ನೃತ್ಯದ ಗೆರೆಚಿತ್ರಗಳನ್ನೂ ನೋಡಿ, ಒಂದೇ ಉಸಿರಿಗೆ ಎಳೆದ ಹಾಗಿವೆ. ನಾವು ಹೊಸಬರು ಎಳೆಯೋದು ಕಂಬಳಿಹುಳದ ಥರ, ಬರೀ ಕೂದಲು ಕೂದಲು. ಬೆಂಗಳೂರಲ್ಲಿದ್ದರೆ ಜನವರಿಯ ಚಿತ್ರಸಂತೆಗೆ ಹೋಗಿ. ಕುಮಾರಕೃಪಾ ರಸ್ತೆಯಲ್ಲಿ ಕೂತು ಮುಖ ಬಿಡಿಸುವವರ ಹಿಂದೆ ನಿಂತು ಅವರ ಕೈ ನೋಡಿ.

ಗೀಚುಪುಸ್ತಕ:
ಎಲ್ಲರಿಗೂ ಥ್ಯಾಂಕ್ಸ್. ಲೋಟ ಬಿಡಿಸಿದೆ. ಇಷ್ಟೆಲ್ಲ ಓದಿದ ಮೇಲೂ ತಳಕ್ಕೆ ನೇರ ಗೆರೆಯನ್ನೇ ಎಳೆದಿದ್ದೇನೆ! ಆಮೇಲೆ ಫೋಟೋದಲ್ಲಿ ಅಜ್ಜಿಯ ಹಣೆ ಅಳೆದೆ. ಸಾಕಷ್ಟು ದೊಡ್ಡದಿದೆ, ಥೇಟ್ ನಮ್ಮಪ್ಪನ ಹಣೆ. ಇಷ್ಟು ವರ್ಷ ನೋಡಿಯೇ ಇರಲಿಲ್ಲ.