ಡಿಸ್ನಿ ವರ್ಲ್ಡ್‌ಗೆ ಮಂಡಿನೋವಿನವರು: ಸ್ಕೂಟರ್ ಎಲ್ಲಿಂದ ತಗೊಳ್ಳೋದು?

ತುಂಗಾತೀರ:
ಜೂನ್‌ನಲ್ಲಿ ಅಮ್ಮ ಬೆಂಗಳೂರಿನಿಂದ ಒರ್ಲ್ಯಾಂಡೊಗೆ ಬರ್ತಿದ್ದಾರೆ. ಮಂಡಿ ಸವೆದಿದೆ. ಎದ್ದು ನಾಲ್ಕು ಹೆಜ್ಜೆ ಇಡ್ತಾರೆ, ದಿನವಿಡೀ ನಡೆಯೋಕಾಗಲ್ಲ. ಡಿಸ್ನಿ ವರ್ಲ್ಡ್‌ನ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕ್‌ಗೆ ಹೋಗೋಕೆ, ಪಾರ್ಕ್‌ನಲ್ಲೇ ಕೊಡುವ ಮೊಬಿಲಿಟಿ ಸ್ಕೂಟರ್ (ನಡೆಯಲಾಗದವರು ಕೂತು ಓಡಿಸುವ ಬ್ಯಾಟರಿ ಗಾಡಿ) ಸಾಕಾ, ಹೊರಗೆ ಬಾಡಿಗೆಗೆ ತಗೋಬೇಕಾ? ಸ್ಕೂಟರ್ ಇದ್ದರೆ ಕ್ಯೂ ತಪ್ಪುತ್ತಾ?

ಗಾಲಿಬಂಡಿ:
ಹೊರಗಿನದೇ ತಗೊಳ್ಳಿ. ಪಾರ್ಕ್‌ನ ಸ್ಕೂಟರ್‌ಗೆ ಮುಂಗಡ ಬುಕಿಂಗ್ ಇಲ್ಲ, ಮೊದಲು ಬಂದವರಿಗೆ ಮೊದಲು. ಅದಕ್ಕಿಂತ ದೊಡ್ಡ ತೊಡಕು ಅದನ್ನು ಪಾರ್ಕ್‌ನಿಂದ ಆಚೆ ತರುವ ಹಾಗಿಲ್ಲ ಅನ್ನೋದು. ಕಾರ್‌ನಲ್ಲಿ ಬಂದರೆ ಪಾರ್ಕಿಂಗ್ ದಾಟಿ, ತಪಾಸಣೆ ಮುಗಿಸಿ, ಮಾನೋರೈಲ್ ಅಥವಾ ಫೆರ್ರಿ ಹತ್ತಿ ಇಳಿದ ಮೇಲೇ ಗೇಟ್. ಅಷ್ಟೂ ನಡಿಗೆ ಸ್ಕೂಟರ್ ಸಿಗೋಕೆ ಮುಂಚೆಯೇ ಆಗಿಹೋಗುತ್ತೆ, ರಾತ್ರಿ ವಾಪಸ್ ಬರುವಾಗ ಸುಸ್ತಾದ ಕಾಲಲ್ಲಿ ಇನ್ನೊಂದು ಸಲ.

ಬಿಚ್ಚಿ ಡಿಕ್ಕಿಯಲ್ಲಿಡಬಹುದಾದ ಟ್ರಾವೆಲ್ ಮಾಡೆಲ್ ಕೇಳಿ. ಮೋಟಾರ್ ಇರುವ ಹಿಂಭಾಗವೇ ಎಲ್ಲಕ್ಕಿಂತ ಭಾರ, ಎತ್ತುವವರು ಯಾರು ಅಂತ ಮೊದಲೇ ನೋಡ್ಕೊಳ್ಳಿ. ಡಿಸ್ನಿ ಬಸ್ ಹತ್ತಿಸೋದಾದರೆ 32 ಇಂಚು ಅಗಲ, 48 ಇಂಚು ಉದ್ದ ಮೀರಬಾರದು.

ಕಾವೇರಿಮಗಳು:
ಕ್ಯೂ ತಪ್ಪಲ್ಲ. ಹೆಚ್ಚಿನ ಸಾಲುಗಳಲ್ಲಿ ಸ್ಕೂಟರ್ ಹಿಡಿಸುತ್ತೆ, ಹಾಗಾಗಿ ಎಲ್ಲರ ಜೊತೆಗೇ ಹೋಗಬೇಕು. ಸಾಲಿನಲ್ಲಿ ನಿಂತು ಕಾಯಲಾಗದವರಿಗೆ ಡಿಸ್ನಿ ಕೊಡುವ ಡಿಎಎಸ್ ಪಾಸ್ ಕೂಡ 2024ರಿಂದ ಆಟಿಸಂನಂಥ ಬೆಳವಣಿಗೆಯ ತೊಂದರೆ ಇರುವವರಿಗಷ್ಟೇ.

ನೀವು ನಿಜವಾಗಿ ನೋಡಬೇಕಾದ್ದು ಪ್ರತಿ ರೈಡನ್ನೂ ಹತ್ತುವ ಬಗೆ, ಡಿಸ್ನಿ ಆ್ಯಪ್‌ನಲ್ಲಿ ಬರೆದಿರ್ತಾರೆ. ಸ್ಮಾಲ್ ವರ್ಲ್ಡ್, ಜಂಗಲ್ ಕ್ರೂಸ್ ಎರಡರಲ್ಲೂ ವೀಲ್‌ಚೇರ್ ಸಮೇತ ಹತ್ತುವ ದೋಣಿ ಇದೆ, ಆದರೆ ಸ್ಕೂಟರ್ ಬಿಟ್ಟು ವೀಲ್‌ಚೇರ್‌ಗೆ ಬದಲಾಗಬೇಕು. ಪೈರೇಟ್ಸ್‌ನಲ್ಲಿ ಎದ್ದು ದೋಣಿಯೊಳಗೆ ಇಳಿಯಲೇಬೇಕು. ಪೀಟರ್ ಪ್ಯಾನ್‌ನಲ್ಲಿ ಹುಷಾರು: ಕಾಲಡಿಯ ಪಟ್ಟಿ ಚಲಿಸ್ತಾನೇ ಇರುತ್ತೆ, ಅದರ ಮೇಲೆ ನಡೆದು ಹತ್ತಬೇಕು. ಮಂಡಿ ಗಟ್ಟಿ ಇಲ್ಲದಿದ್ದರೆ ಅದನ್ನು ಬಿಟ್ಟುಬಿಡಿ ಅಂತಲೇ ನನ್ನ ಸಲಹೆ.

ಬೋಲ್ಟುನಟ್ಟು:
ಓಡಿಸೋದರ ಬಗ್ಗೆ ಯಾರೂ ಹೇಳಿಲ್ಲ. ಹ್ಯಾಂಡಲ್‌ನಲ್ಲಿರೋ ಲಿವರ್ ಒತ್ತಿದರೆ ಗಾಡಿ ಓಡುತ್ತೆ, ಬಿಟ್ಟರೆ ಬ್ರೇಕ್. ಹೊಸಬರು ಗಾಬರಿಯಾದಾಗ ಬಿಡೋ ಬದಲು ಇನ್ನೂ ಗಟ್ಟಿಯಾಗಿ ಹಿಡೀತಾರೆ, ಗುದ್ದೋದು ಅದಕ್ಕೇ. ಹಿಂದಿನ ಸಂಜೆ ಖಾಲಿ ಜಾಗದಲ್ಲಿ ಅರ್ಧ ಗಂಟೆ ಬಿಟ್ಟು-ಹಿಡಿದು ರೂಢಿ ಮಾಡಿಸಿ. ವೇಗದ ಗುಂಡಿಯಲ್ಲಿ ಆಮೆ, ಮೊಲದ ಚಿತ್ರ ಇರುತ್ತೆ. ಜನಜಂಗುಳಿ, ಬಸ್ಸಿನ ರ‍್ಯಾಂಪ್, ಅಂಗಡಿ, ಎಲ್ಲ ಕಡೆ ಆಮೆ ಕಡೆಗೇ ತಿರುಗಿಸಿಡಿ. ಹ್ಯಾಂಡಲ್‌ಗೆ ಚೀಲ ನೇತು ಹಾಕಬೇಡಿ, ಲಿವರ್ ಒತ್ತಿಕೊಂಡು ಗಾಡಿ ತಾನೇ ಹೊರಡುತ್ತೆ. ಸೀರೆಯಾದರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿ, ಹಿಂದಿನ ಚಕ್ರ ಎಳೆದುಕೊಳ್ಳುತ್ತೆ.

ಮೇನ್ ಸ್ಟ್ರೀಟ್‌ನಲ್ಲಿ ಕುದುರೆಗಾಡಿಯ ಹಳಿ ಇದೆ. ಓರೆಯಾಗಿ ದಾಟಿದರೆ ಮುಂದಿನ ಚಕ್ರ ಹಳಿಯ ಸಂದಿಗೆ ಸಿಕ್ಕಿಕೊಳ್ಳುತ್ತೆ, ನೇರ ಅಡ್ಡಕ್ಕೆ ದಾಟಿ.

ಚಾರ್ಜ್ ಇದ್ದೂ ಗಾಡಿ ಹೊರಡದಿದ್ದರೆ ಮೊದಲು ಹಿಂಚಕ್ರದ ಬಳಿಯ ಫ್ರೀವೀಲ್ ಲಿವರ್ (ಮೋಟಾರಿನಿಂದ ಚಕ್ರ ಬಿಡಿಸುವಂಥದ್ದು) ನೋಡಿ. ತಳ್ಳೋಕೆ ಅಂತ ಯಾರೋ ಬಿಡಿಸಿಟ್ಟಿರ್ತಾರೆ, ಆಗ ಮೋಟಾರೂ ಇಲ್ಲ, ಬ್ರೇಕೂ ಇಲ್ಲ. ಇಳಿಜಾರಿನಲ್ಲಿ ಅದನ್ನು ಮುಟ್ಟಲೇಬೇಡಿ. ಜೂನ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ, ಹ್ಯಾಂಡಲ್‌ನ ಸ್ವಿಚ್ಚುಗಳ ಮೇಲೆ ಹೊದಿಸೋಕೆ ಒಂದು ದೊಡ್ಡ ಪ್ಲಾಸ್ಟಿಕ್ ಕವರ್ ಬುಟ್ಟಿಯಲ್ಲೇ ಇರಲಿ.